ಉಬ್ಬದ ಜಾಕೆಟ್

ನಾನು ಒಂದು ಲೈಫ್ ಜಾಕೆಟ್. ಹೆಸರಿಗೆ ಮಾತ್ರ. ವಿಮಾನ ಹೊರಡುವ ಮುಂಚೆ ಗಗನಸಖಿ ಕೊರಳಿಗೆ ಹಾಕಿಕೊಂಡು ತೋರಿಸುತ್ತಾಳಲ್ಲ, ಆ ಹಳದಿ ಜಾಕೆಟ್ಟು. ಸೀಟಿನ ಕೆಳಗಿರುವ ನನ್ನ ಬಂಧುಗಳಿಗೆ ಗ್ಯಾಸಿನ ಪುಟ್ಟ ಸಿಲಿಂಡರ್ ಇರುತ್ತದೆ. ಕೆಂಪು ದಾರ ಎಳೆದರೆ ಉಬ್ಬಿಕೊಂಡು, ನೀರಿಗೆ ಬಿದ್ದವರನ್ನು ತೇಲಿಸುತ್ತವೆ. ನನಗೆ ಕಾರ್ಖಾನೆಯವರು ಸಿಲಿಂಡರ್ ಇಡಲೇ ಇಲ್ಲ. ಎದೆಯ ಮೇಲೆ 'ತೋರಿಸಲು ಮಾತ್ರ' ಎಂದು ಕಪ್ಪಕ್ಷರದಲ್ಲಿ ಅಚ್ಚು ಹಾಕಿ ಕಳಿಸಿದರು. ಅದಕ್ಕೆ ನನಗೇನೂ ನಾಚಿಕೆಯಿರಲಿಲ್ಲ. ಸುಳ್ಳು ಹೇಳದೆ ಬದುಕುತ್ತಿದ್ದೆ.

ನನ್ನನ್ನು ಕೊಂಡದ್ದು ಸಪ್ತಸಾಗರ ಏರ್‌ವೇಸ್. ಮಂಗಳೂರಿನಿಂದ ಮಸ್ಕತ್ತಿಗೆ ಹಾರುತ್ತಿದ್ದ ಕಂಪನಿ ನೋಡನೋಡುತ್ತ ಲಂಡನ್, ಟೊರೊಂಟೊ ಮುಟ್ಟಿತು. ಬೆಳ್ಳಿಯ ಚಮಚ, ಬಿಸಿ ಟವೆಲ್, ಏನು ಗತ್ತು, ಏನು ಗಮ್ಮತ್ತು! ಯಜಮಾನರು ಇನ್ನೆರಡು ಕಂಪನಿಗಳನ್ನು ನುಂಗಿದರು. ಜೀರ್ಣವಾಗಲಿಲ್ಲ. ಒಂದೊಂದೇ ಊರಿಗೆ ಹಾರಾಟ ನಿಂತಿತು. ಬಾಡಿಗೆಗೆ ತಂದ ವಿಮಾನಗಳನ್ನು ಅವುಗಳ ಒಡೆಯರು ವಾಪಸ್ ಕೊಂಡೊಯ್ದರು. ಊಟದ ಜಾಗಕ್ಕೆ ಒಣ ಬನ್ ಬಂತು. ಅಷ್ಟಾದರೂ ಯಜಮಾನರು ಮಗಳ ಮದುವೆಗೆ ಒಂದಿಡೀ ವಿಮಾನಕ್ಕೆ ಹೂವು ಹೊದಿಸಿ, ಗಗನಸಖಿಯರಿಂದ ಬೀಗರಿಗೆ ಪನ್ನೀರು ಎರಚಿಸಿದರು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ. ಥೂ.

ಒಂದು ದಿನ ಮಸ್ಕತ್ ವಿಮಾನಕ್ಕೆ ತಪಾಸಣೆಯವರು ಬರುವ ಸುದ್ದಿ ಬಂತು. ಸೀಟಿಗೊಂದು ಜಾಕೆಟ್ ಇರಬೇಕು, ಒಂದು ಕಡಿಮೆ ಬಿತ್ತು. ಮ್ಯಾನೇಜರ್ ಗುಣಪಾಲ ಬಣ್ಣ ಕರಗಿಸುವ ಥಿನ್ನರ್ ಅದ್ದಿದ ಬಟ್ಟೆಯಿಂದ ನನ್ನ ಎದೆಯ ಅಕ್ಷರಗಳನ್ನು ತಿಕ್ಕಿ ಅಳಿಸಿದ. ಮಡಚಿ ಚೀಲಕ್ಕೆ ತುರುಕಿ, ಕಿಟಕಿಯ ಪಕ್ಕದ ಸೀಟಿನ ಕೆಳಗೆ ಒತ್ತಿದ. ಬಂದವರು ಚೀಲ ಎಣಿಸಿ, ಚಹಾ ಕುಡಿದು ಹೋದರು.

ಆ ಸೀಟಿಗೆ ಐಸಮ್ಮ ಎಂಬ ಮುದುಕಿ ಬಂದು ಕೂತರು. ಮಸ್ಕತ್ತಿನಲ್ಲಿ ಹುಟ್ಟಿದ ಮೊಮ್ಮಗುವನ್ನು ನೋಡಲು ಹೊರಟವರು. ವಿಮಾನ ಹೊರಟರೆ ಆಚೆ ದಡದವರೆಗೂ ಕೆಳಗೆ ಬರೀ ಸಮುದ್ರ. ಇತ್ತ, ನನ್ನನ್ನು ದಿನಾ ಕೊರಳಿಗೆ ಹಾಕಿಕೊಳ್ಳುತ್ತಿದ್ದ ಗಗನಸಖಿ, ಕೊಡಗಿನ ದೇಚಮ್ಮ, ನಾನು ಕಾಣದೆ ಹುಡುಕಿದಳು. ಸದ್ಯಕ್ಕೆ ತೋರಿಸಲು ಯಾವುದಾದರೂ ಆದೀತೆಂದು ಅಜ್ಜಿಯ ಸೀಟಿನ ಕೆಳಗೆ ಕೈ ಹಾಕಿದಳು. ಎತ್ತಿದೊಡನೆ ಹಗುರಾಗಿದ್ದುದು ತಿಳಿಯಿತು. ಚೀಲ ಬಿಚ್ಚಿದರೆ, ಅಂಚಿನಲ್ಲಿ ಅವಳದೇ ಲಿಪ್‌ಸ್ಟಿಕ್ ಕಲೆಯಿತ್ತು. ನನ್ನನ್ನು ಹಿಡಿದು ಬಾಗಿಲಿಗೆ ನಡೆದಳು.

ಬಾಗಿಲಲ್ಲಿದ್ದ ಗುಣಪಾಲ ದನಿ ತಗ್ಗಿಸಿದ. "ಎಂತ ಮಾರಾಯ್ತಿ, ಇಷ್ಟು ಸಣ್ಣ ವಿಷಯಕ್ಕೆ? ಇಷ್ಟು ವರ್ಷದಲ್ಲಿ ನಮ್ಮ ಒಂದು ವಿಮಾನವಾದ್ರೂ ನೀರಿಗೆ ಬಿದ್ದದ್ದುಂಟಾ? ಈ ವಿಮಾನ ನಿಂತ್ರೆ ನಿನ್ನ ಕೆಲ್ಸ ಹೋಗ್ತದೆ."

"ಹಾಗಾದ್ರೆ ನಿಮ್ಮ ಅಮ್ಮನ್ನ ತಂದು ಆ ಸೀಟಲ್ಲಿ ಕೂರಿಸಿ, ಸರ್."

ದೇಚಮ್ಮ ಒಳಬಂದು ನನ್ನನ್ನು ತೊಟ್ಟಳು. ಎಲ್ಲರ ಎದುರಿಗೆ ಕೆಂಪು ದಾರ ಎಳೆದಳು. ನಾನು ಜೋತುಬಿದ್ದೇ ಇದ್ದೆ.

"ಇದು ಉಬ್ಬುವುದಿಲ್ಲ. ಅಜ್ಜಿಯ ಸೀಟಿನ ಕೆಳಗೆ ಇದ್ದದ್ದು ಇದೇ."

ಜನ ದುಡುದುಡು ಇಳಿದರು. ಐಸಮ್ಮ ಅವಳ ಕೈ ಹಿಡಿದುಕೊಂಡು, "ನನ್ನ ದೆಸೆಯಿಂದ ನಿನ್ನ ಅನ್ನ ಹೋಯ್ತಲ್ಲಾ ಮಗಳೇ," ಎಂದು ಕಣ್ಣೊರೆಸಿಕೊಂಡರು.

ಹೋಯಿತು. ಅಂದೇ ಹೋಯಿತು. ಕಂಪನಿಯೂ ಆ ವರ್ಷವೇ ಬಾಗಿಲು ಹಾಕಿತು. ಎಲ್ಲವನ್ನೂ ತಿಂದು ತೇಗಿದ ಯಜಮಾನರು ಟಿವಿಯಲ್ಲಿ, ಒಬ್ಬ ಹುಡುಗಿಯ ಹಟದಿಂದ ಹೀಗಾಯಿತು ಎಂದರು. ಜೊತೆಗೆ ದುಡಿದವರೇ ಅವಳನ್ನು ಉಂಡ ಮನೆಗೆ ಎರಡು ಬಗೆದವಳು ಎಂದರು. ನನಗೆ ಹೇಸಿಗೆಯಾದದ್ದು ಯಜಮಾನರ ಮಾತಿಗಿಂತ ಇವರ ಮಾತಿಗೆ.

ಅವಳಿಂದ ಕಿತ್ತುಕೊಂಡ ನನ್ನನ್ನು ಗೋದಾಮಿನಲ್ಲಿ ಎಸೆದಿದ್ದರು. ಹರಾಜಿನಲ್ಲಿ ಗುಜರಿಯವನಿಗೆ ಸೇರಿದೆ. ಅವನಿಂದ ಅಣೆಕಟ್ಟೆಯ ಹಿನ್ನೀರಿನಲ್ಲಿ ದೋಣಿ ನಡೆಸುವವನೊಬ್ಬ ಕೊಂಡ. ಅಳಿಸಿದ ಅಕ್ಷರ ಅವನಿಗೆ ಹೇಗೆ ಗೊತ್ತಾಗಬೇಕು? ಪಾಪ, ಒಳ್ಳೆಯವನು.

"ವಿಮಾನದ ಮಾಲು ಅಕ್ಕ, ಗಟ್ಟಿ. ಈ ದಾರ ಎಳೆದ್ರೆ ತಾನೇ ಉಬ್ಬುತ್ತೆ," ಎನ್ನುತ್ತಿದ್ದಾನೆ ಈಗ.

ತಾಯಿಯೊಬ್ಬಳು ನನ್ನನ್ನು ಮಗಳ ಕೊರಳಿಗೆ ಹಾಕಿ, ಸೊಂಟಕ್ಕೆ ಬಿಗಿಯಾಗಿ ಕಟ್ಟಿ, "ಇನ್ನು ಹೆದರಬೇಡ ಕಂದಾ," ಎಂದಳು. ದೋಣಿ ದಡ ಬಿಟ್ಟಿದೆ.