ಗಂಟು ಹಾಕಿದವನು

ನಮ್ಮೂರ ಬಸ್ ನಿಲ್ದಾಣದಿಂದ ಯುನ್‌ಶಿ ವಿದ್ಯಾಪೀಠಕ್ಕೆ ಕಾಲು ಗಂಟೆಯ ನಡಿಗೆ. ಆದರೂ ಐವತ್ತು ವರ್ಷ ನಾನು ಅಲ್ಲಿಗೆ ಕಾಲಿಟ್ಟಿರಲಿಲ್ಲ. ಕಳೆದ ಅಕ್ಟೋಬರಿನಲ್ಲಿ ಸಹಪಾಠಿ ಕ್ವಾಂಗ್ ಶಿಮಿಂಗ್ ಫೋನ್ ಮಾಡಿ, ತರಗತಿಯವರೆಲ್ಲ ಅಲ್ಲೇ ಸೇರುತ್ತಿದ್ದೇವೆ, ಬರದಿದ್ದರೆ ಮನೆಗೇ ಬಂದು ಎಳೆದುಕೊಂಡು ಹೋಗುತ್ತೇನೆ ಎಂದ. ಯಿನ್ ಮೇಷ್ಟ್ರ ಮಗಳೂ ಬರುತ್ತಾಳೆ ಎಂದು ಕೊನೆಗೆ ಸೇರಿಸಿದ.

ನಾವು ಓದುವಾಗ ಅದು ಬರೀ ನಮ್ಮ ಹೈಸ್ಕೂಲು. ನೂರಾರು ವರ್ಷ ಹಳೆಯ ಕಂಬಗಳ ನಡುವೆ ಬೆಂಚು ಹಾಕಿ ಪಾಠ ನಡೆಯುತ್ತಿತ್ತು. ಯಿನ್ ಮೇಷ್ಟ್ರು ಹಳೆಯ ಗ್ರಂಥಗಳನ್ನು ಓದಿಸುತ್ತಿದ್ದರು. ನಾನಾಗ ದೂರದ ಹಳ್ಳಿಯಲ್ಲಿದ್ದುದರಿಂದ ವಾರಕ್ಕೆ ಮೂರು ದಿನವಾದರೂ ಅವರ ಮನೆಯಲ್ಲಿ ಗಂಜಿ ಕುಡಿಯುತ್ತಿದ್ದೆ. ಅವರ ಒಂಬತ್ತು ವರ್ಷದ ಮಗಳು ಸುಚಿನ್ ಉಪ್ಪು ಹಾಕಿದ ಮೂಲಂಗಿ ಬಡಿಸುತ್ತಿದ್ದಳು. ಅರವತ್ತಾರರ ಆಗಸ್ಟಿನಲ್ಲಿ, ಹಳೆಯದನ್ನೆಲ್ಲ ನಾಶ ಮಾಡಬೇಕೆಂಬ ಕೂಗು ದೇಶದಾದ್ಯಂತ ಎದ್ದಾಗ, ನಾವು ಮೊದಲು ಕನ್ಫ್ಯೂಷಿಯಸ್ ಮೂರ್ತಿಯನ್ನು ಒಡೆದೆವು. ಆಮೇಲೆ, ಹಳೆಯದನ್ನು ಕಲಿಸುವವರೆಂದು ಮೇಷ್ಟ್ರನ್ನು ಹಿಡಿದುಕೊಂಡೆವು. ನನಗಾಗ ಹದಿನೈದು.

ಈಗ ಅದು ಪ್ರವಾಸಿಗರು ನೋಡಲು ಬರುವ ಜಾಗ, ಅಲ್ಲಿ ಹೊಸ ಮೂರ್ತಿ ಇದೆ. ಮೊದಲಿನದು ಕಾಲಾಂತರದಲ್ಲಿ ಹಾಳಾಯಿತೆಂದು ಗೈಡ್ ಹುಡುಗಿ ಹೇಳಿದಳು. ಮೂರ್ತಿಯ ಮುಂದೆ ಕ್ವಾಂಗ್ ಗುರುಭಕ್ತಿಯ ಬಗ್ಗೆ ಭಾಷಣ ಮಾಡಿ ಕಣ್ಣೊರೆಸಿಕೊಂಡ. ಎಲ್ಲರೂ ಚಪ್ಪಾಳೆ ತಟ್ಟಿದರು, ಸುಚಿನ್ ಒಬ್ಬಳನ್ನು ಬಿಟ್ಟು.

ಅವಳು ಬೆಳಗಿನಿಂದ ನನ್ನ ಜೊತೆಯಲ್ಲೇ ನಡೆಯುತ್ತಿದ್ದಳು. ಗೆನ್‌ಫಾ ಅಣ್ಣ, ಗೆನ್‌ಫಾ ಅಣ್ಣ ಎನ್ನುತ್ತ ನನ್ನ ಮಂಡಿನೋವು, ಮೊಮ್ಮಕ್ಕಳು ಎಲ್ಲ ವಿಚಾರಿಸಿದಳು. ಒಳ ಅಂಗಳಕ್ಕೆ ಬಂದಾಗ ನಿಂತುಬಿಟ್ಟಳು. ಅಪ್ಪ ಬಿದ್ದದ್ದು ಎಲ್ಲಿ ಎಂದು ಕೇಳಿದಳು. ಮೆಟ್ಟಿಲ ಬುಡದ ಚಪ್ಪಡಿಯನ್ನು ತೋರಿಸಿದೆ. ತರಗತಿಯ ಕಪ್ಪುಹಲಗೆಯನ್ನು ಮೇಷ್ಟ್ರ ಕುತ್ತಿಗೆಗೆ ತಂತಿಯಿಂದ ನೇತುಹಾಕಿ, ಬೆಳಗಿನಿಂದ ಮಧ್ಯಾಹ್ನದವರೆಗೆ ಬಿಸಿಲಲ್ಲಿ ಅಂಗಳ ಸುತ್ತಿಸಿದ್ದೆವು. ಬಿದ್ದವರು ಮತ್ತೆ ಏಳಲಿಲ್ಲ.

"ಬಾಗಿಲ ಹಲಗೆ ಮೇಲೆ ತಂದು ಮನೆ ಮುಂದೆ ಇಟ್ಟು ಹೋದ್ರು," ಎಂದಳು ಸುಚಿನ್. "ತಂತಿ ಕತ್ತಿನೊಳಗೇ ಇಳಿದಿತ್ತು. ಅಮ್ಮ ಬೆರಳಲ್ಲಿ ಎಳೆದ್ರು, ಹಲ್ಲಲ್ಲಿ ಕಚ್ಚಿದ್ರು, ಬಿಚ್ಚಲಿಲ್ಲ. ಭಯಕ್ಕೆ ಬೀದೀಲಿ ಯಾರೂ ಒಂದು ಇಕ್ಕಳ ಕೊಡಲಿಲ್ಲ. ಗಂಟು ಸಮೇತ ಹೂಳಿದ್ವಿ. ಅಂಥ ಗಂಟು ಹಾಕಿದ್ದು ಯಾರಣ್ಣ?"

ಅಷ್ಟರಲ್ಲಿ ಕ್ವಾಂಗ್ ಹತ್ತಿರ ಬಂದಿದ್ದ. "ಅದೆಲ್ಲ ಈಗ್ಯಾಕಮ್ಮ? ಬಾ, ಊಟಕ್ಕೆ ಹೇಳಿಟ್ಟಿದೀನಿ, ಮೀನು ಆರಿಹೋಗುತ್ತೆ," ಎಂದ.

ನಮ್ಮ ತರಗತಿಯಲ್ಲಿ ಒಂಬತ್ತು ಜನ ಆಗಲೇ ಸತ್ತುಹೋಗಿದ್ದರು. ಯಾರ ಹೆಸರು ಹೇಳಿದ್ದರೂ ನಡೆಯುತ್ತಿತ್ತು. ಒಂದು ಹೆಸರು ನಾಲಿಗೆಯ ತುದಿಯವರೆಗೂ ಬಂದಿತ್ತು.

"ನಾನು," ಎಂದೆ. "ನಮ್ಮಪ್ಪ ಕೈಗಾಡಿಗೆ ಹೊರೆ ಬಿಗೀತಿದ್ದ ಗಂಟು ಅದು. ಎಳೆದಷ್ಟೂ ಬಿಗಿಯಾಗುತ್ತೆ. ಇವರ್ಯಾರಿಗೂ ಬರ್ತಿರಲಿಲ್ಲ."

"ಹಾಕು ಅಂತ ಯಾರಾದ್ರೂ ಹೆದರಿಸಿದ್ರಾ?"

"ಇಲ್ಲ. ನನಗೆ ಬರುತ್ತೆ ಅಂತ ನಾನೇ ಮುಂದೆ ಹೋದೆ."

"ಅಪ್ಪ ಏನಂದ್ರು?"

"ತಂತಿ ಕೆಳಗೆ ಅಂಗಿ ಕಾಲರ್ ಎಳ್ಕೋತೀನಿ, ಒಂದು ನಿಮಿಷ ತಾಳು ಅಂದ್ರು. ನಾನು ತಾಳಲಿಲ್ಲ."

ಅವಳು ನನ್ನ ಕೈಗಳನ್ನು ಬಹಳ ಹೊತ್ತು ನೋಡಿದಳು. "ನೀವು ನಮ್ಮನೆ ಗಂಜಿ ಕುಡಿದೋರು," ಎಂದಳು. ಧ್ವನಿ ಏರಲಿಲ್ಲ. ಅಣ್ಣ ಎಂಬ ಮಾತು ಮಾತ್ರ ಹೋಗಿತ್ತು. ಚೀಲ ಹೆಗಲಿಗೇರಿಸಿಕೊಂಡು ಹೊರಟಳು. ನಾನು ಹೆಬ್ಬಾಗಿಲವರೆಗೆ ಹಿಂದೆ ಹೋದೆ. ಬರಬೇಡಿ ಎಂದು ತಿರುಗಿ ನೋಡದೆಯೇ ಹೇಳಿದಳು.

ಕ್ವಾಂಗ್‌ಗೆ ಸಿಟ್ಟು ನೆತ್ತಿಗೇರಿತ್ತು. "ಐವತ್ತು ವರ್ಷ ಬಾಯಿ ಮುಚ್ಕೊಂಡಿದ್ದೋನು ಇನ್ನೊಂದು ಹತ್ತು ವರ್ಷ ಮುಚ್ಕೊಂಡಿದ್ರೆ ಎಲ್ಲರೂ ಸತ್ತು ತಣ್ಣಗಾಗ್ತಿದ್ವಲ್ಲೋ," ಎಂದ. ಆ ಕಪ್ಪುಹಲಗೆಯ ಮೇಲೆ ಮೇಷ್ಟ್ರನ್ನು ಹಂಗಿಸಿ ಬರೆದ ದುಂಡು ಅಕ್ಷರಗಳು ಅವನವೇ. ಅದನ್ನು ಸುಚಿನ್ ಕೇಳಲಿಲ್ಲ, ನಾನೂ ಹೇಳಲಿಲ್ಲ. ಮೆಟ್ಟಿಲ ಮೇಲೆ ಎಲ್ಲರನ್ನೂ ನಿಲ್ಲಿಸಿ ಫೋಟೋ ತೆಗೆದರು. ನಾನೂ ನಿಂತೆ. ಊಟಕ್ಕೂ ಕೂತೆ. ಹಸಿವಾಗಿತ್ತು, ತಿಂದೆ.

ಚಳಿಗಾಲದಲ್ಲಿ ಅವಳಿಗೆ ಒಂದು ಕಾಗದ ಬರೆದೆ. ಒಡೆಯದೆ ವಾಪಸು ಬಂತು. ವಸಂತದಲ್ಲಿ, ಹಿರಿಯರ ಸಮಾಧಿ ಗುಡಿಸುವ ಚಿಂಗ್‌ಮಿಂಗ್ ದಿನ, ಊದುಬತ್ತಿ ಹಿಡಿದು ಮೇಷ್ಟ್ರ ಸಮಾಧಿಯಿರುವ ಗುಡ್ಡದ ಕೆಳಗೆ ನಿಂತಿದ್ದೆ. ಮೇಲೆ ಸುಚಿನ್ ಹುಲ್ಲು ಕೀಳುತ್ತಿದ್ದಳು. ನನ್ನನ್ನು ನೋಡಿ ಮಗನಿಗೆ ಏನೋ ಹೇಳಿದಳು. ಅವನು ಇಳಿದು ಬಂದು, ಅಮ್ಮ ನಿಮ್ಮನ್ನು ಹೋಗಲು ಹೇಳಿದ್ದಾರೆ ಎಂದ. ಮಾತಿನಲ್ಲಿ ಒರಟುತನವಿರಲಿಲ್ಲ. ಊದುಬತ್ತಿಯನ್ನಾದರೂ ತೆಗೆದುಕೋ ಎಂದು ಚಾಚಿದೆ. ಅವನು ಎರಡೂ ಕೈ ಹಿಂದೆ ಕಟ್ಟಿಕೊಂಡು, ನಾನು ರಸ್ತೆ ಸೇರುವವರೆಗೂ ಅಲ್ಲೇ ನಿಂತಿದ್ದ.