ದೂರ ಸರೀರಿ

ತಿರಗಾಕತ್ತೈತಿ, ಇಲ್ಲ, ಅದು ವಿಮಾನದ ಪಂಕಾ ಅಲ್ಲ, ಮ್ಯಾಲಿನ ಫ್ಯಾನಿನ ನೆರಳು ಕಂಪ್ಯೂಟರಿನ ಗಾಜಿನ ಮ್ಯಾಲ ಬಿದ್ದು ತಿರಗಾಕತ್ತೈತಿ, ಅಮಿತ ಕುರ್ಚಿ ಹಿಂದ ಸರಿಸಿ ನೋಡಿದ, ನೆರಳು ಸರೀತು, ವಿಮಾನ ಎಲ್ಲಿತ್ತೋ ಅಲ್ಲೇ ನಿಂತೈತಿ, ಕಲಬುರಗಿ ವಿಮಾನ ನಿಲ್ದಾಣದ ಬಿಕೋ ಅನ್ನೋ ಕಾಂಕ್ರೀಟಿನ ಮ್ಯಾಲ ಸಣ್ಣ ನಾಲ್ಕು ಸೀಟಿನ ವಿಮಾನ, ಎಲ್ಲಾ ಬಂದ್, ದೀಪ ಇಲ್ಲ, ಸಪ್ಪಳ ಇಲ್ಲ, ಮುಳ್ಳು ಎಲ್ಲಾ ಸೊನ್ನಿ ಮ್ಯಾಲ ಮಲಗ್ಯಾವ. ಇದಕ್ಕ ತಣ್ಣಗಿನ ವಿಮಾನ ಅಂತಿದ್ದ ಅಣ್ಣ. ಈ ವಿಮಾನ ಹಾರಸೂ ಆಟ ಚಾಲೂ ಮಾಡಿದ ಕೂಡಲೆ ಕೇಳತೈತಲ್ಲ, ಎಂಜಿನ್ ತಿರಗೂ ವಿಮಾನ ಬೇಕೋ ತಣ್ಣಗಿಂದು ಬೇಕೋ ಅಂತ, ಅಣ್ಣ ಎಂದೂ ತಣ್ಣಗಿಂದ ಆರಸ್ತಿದ್ದ, ತಣ್ಣಗಿಂದು, ತಣ್ಣಗ ಆಗಿದ್ದ ಕೈ — ಬ್ಯಾಡ, ಅದು ಬ್ಯಾಡ ಈಗ, ಬ್ರೇಕ್, ಮೊದಲ ಬ್ರೇಕ್ ಹಾಕೇತೇನು ನೋಡು, ಹಾಕೇತಿ, ಇನ್ನ ಎಣ್ಣಿ ಬಿಡು. ಕೆಳಗ ಅಂಗಳದಾಗ ಟಪ್ ಟಪ್ ಅಂತ ಬೂಟಿನ ಸಪ್ಪಳ, ಅಣ್ಣನ ಬೂಟು, ಆದರ ಒಳಗಿನ ಕಾಲು ವೈನೀದು, ಅಣ್ಣನ ಹೊಲದ ಬೂಟು ಹಾಕ್ಕೊಂಡು ವೈನಿ ಅಡ್ಯಾಡಾಕತ್ತಾಳ, ಭುವನೇಶ್ವರಿ ವೈನಿ, ಅಣ್ಣ ಚೇತನಕುಮಾರನ ಹೆಂಡ್ತಿ ಆಗಿದ್ದಾಕಿ, ಆಗಿದ್ದಾಕಿ ಅಂದ್ರೇನು, ಅವ ಸತ್ತ ಅಂತ ಇಕಿ ಹೆಂಡ್ತಿ ಅನ್ನೂದು ಹೋಗತೈತೇನು. ಮುಂಜಾನಿ ನಾಷ್ಟಾ ಮಾಡೂವಾಗ ಆಕಿ ಹೇಳಿದ್ದು ಇನ್ನೂ ಕಿವ್ಯಾಗ ಐತಿ, ಇವತ್ತ ಟ್ರ್ಯಾಕ್ಟರ್ ಚಾಲೂ ಮಾಡಾಕೀ ನಾ, ನೀ ಬಾಜೂಕ ನಿಂತು ಒಂದೊಂದ ಹೇಳು, ನಾ ಒಂದೊಂದ ಮಾಡ್ತೇನಿ. ನೀವು ನಡೀರಿ ವೈನಿ, ಬಂದೆ ಅಂದಿದ್ದ. ಹಂಗಂದು ಮ್ಯಾಲ ಬಂದು ಇಲ್ಲಿ ಕುಂತಾನ.

ಇದೊಂದು ಎಬ್ಬಿಸಿ ಹೋಗ್ತೇನಿ, ಅಷ್ಟ, ಇದು ಎದ್ದರ ಟ್ರ್ಯಾಕ್ಟರೂ ಏಳತೈತಿ, ಹುಚ್ಚು ಲೆಕ್ಕ ಅಂತ ತನಗ ಗೊತ್ತೈತಿ, ಆದರೂ ಮನಸು ಹಟ ಹಿಡದೈತಿ, ಎಣ್ಣಿ ಬಿಟ್ಟಾತು, ಬ್ಯಾಟರಿ ಗುಂಡಿ ಒತ್ತಿದ, ಗುಂಯ್ ಅಂತ ಸಣ್ಣ ಸಪ್ಪಳ, ದೀಪ ಹತ್ತಿದುವು. ಮೊದಲ ಇದೆಲ್ಲಾ ಎಲ್ಲಿ ಮಾಡ್ತಿದ್ದ ಇವ, ಕೀಬೋರ್ಡಿನ ಕಂಟ್ರೋಲ್ ಒತ್ತಿ ಹಿಡದು ಇ ಅಕ್ಷರ ಒತ್ತಿದ್ರ ಮುಗೀತು, ಗುಂಡಿಗೋಳು ತಮ್ಮಷ್ಟಕ್ಕ ತಾವ ಟಕಟಕ ಸರದು ಎಂಜಿನ್ ಚಾಲೂ, ಚಾ ಆರೂದ್ರೊಳಗ ಮುಗಲಾಗ. ಅಣ್ಣ ಹೊಲದಿಂದ ಬಂದು ಕೈಕಾಲು ತೊಳಕೊಂಡು ಪೂಜಿಗೆ ಕುಂತವರಂಗ ಕುಂಡ್ರಾವ, ಬ್ರೇಕ್, ಎಣ್ಣಿ, ಬ್ಯಾಟರಿ, ಪಂಪು, ಒಂದೊಂದಕ್ಕ ಬೆರಳು ಹಚ್ಚಿ ಬಾಯಿಲೆ ಅಂದು ಮುಂದ ಹೋಗಾವ, ನಡುವ ಫೋನ್ ಬಂದ್ರ ಮತ್ತ ಮೊದಲಿಂದ. ಏ ಅಣ್ಣಾ, ಅಷ್ಟೊತ್ತಿನಾಗ ನಾ ಹೈದರಾಬಾದ್ ಮುಟ್ಟಿ ಬಿರ್ಯಾನಿ ತಿಂದು ಹೊಳ್ಳಿ ಬಂದಿರ್ತೇನಿ ಅಂತ ಇವ ಕಾಡಸ್ತಿದ್ದ. ಹಾರೂದೇನ್ ದೊಡ್ಡದಲೇ, ಗಾಳಿಪಟಾನೂ ಹಾರತೈತಿ, ಮಲಗಿದ್ದನ್ನ ಎಬ್ಬಿಸೂದ್ರಾಗ ಐತಿ ಎಲ್ಲಾ, ಅಂತ ಅಣ್ಣ. ಇಬ್ಬರೂ ಕೂಡಿ ಎಷ್ಟು ವಾದ, ಊಟಕ್ಕ ಕುಂತಾಗೂ ಅದ, ಅಪ್ಪ ಬಸಂತರಾಯ ಸಿಟ್ಟಿಗೆದ್ದು ಮೊದಲ ರೊಟ್ಟಿ ಇಳಸ್ರಿ ಆಮ್ಯಾಲ ವಿಮಾನ ಏರಸ್ರಿ ಅಂತಿದ್ದ. ಮತ್ತ ಎಲ್ಲಾ ಆದ ಮ್ಯಾಲ ಕಡೀಗೊಂದು, ಎಂಜಿನ್ ಕೀಲಿ ತಿರವೂ ಮೊದಲ, ಅಣ್ಣ ಎಡಕ್ಕ ನೋಡಾವ, ಬಲಕ್ಕ ನೋಡಾವ, ಕಿಡಕ್ಯಾಗಿಂದ ಹೊರಗ ಮಾರಿ ಹಾಕಿ ದೂರ ಸರೀರಿ ಅಂತ ಒದರಾವ. ಖರೇ ಪೈಲಟ್‌ಗೋಳು ಹಂಗ ಒದರ್ತಾರಂತ, ಪಂಕಾದ ಮುಂದ ಯಾರರೆ ನಿಂತಿದ್ರ ಅಂತ. ಇಲ್ಲಿ ಕಂಪ್ಯೂಟರಿನ ಮುಂದ ಯಾರು ನಿಂತಿರ್ತಾರ, ಕೆಳಗ ಅಂಗಳದಾಗ ತೊಗರಿ ಹಸನ ಮಾಡೂ ಅವ್ವ ಮೊರ ಎತ್ತಿಕೊಂಡು ಆತೋ ಮಾರಾಯಾ ಸರದೇನಿ ಹಾರಿಸಿನ್ನ ಅಂತಿದ್ಲು, ವೈನಿ ಒಲಿ ಮುಂದ ಕುಂತು ನಗ್ತಿದ್ಲು, ಆಕಿ ನಗೂದು ಮ್ಯಾಲಿನ ತನಕ ಕೇಳಿಸ್ತಿತ್ತು. ಈಗ ಈ ಮನ್ಯಾಗ ಯಾರೂ ನಗೂದಿಲ್ಲ.

ಪಂಪು ಹಾಕಿದ, ಎಣ್ಣಿ ಮುಳ್ಳು ಸಾವಕಾಶ ಎದ್ದಿತು, ಇಲ್ಲಿ ಎಲ್ಲಾ ಸಾವಕಾಶ, ಅದ ತಿಳೀವಲ್ದು, ಇಲ್ಲಿ ಇಷ್ಟು ಸಾವಕಾಶ ಇದ್ದ ಮನಷ್ಯಾ ಅಲ್ಲಿ ಯಾಕ ಹಂಗ ಮಾಡಿದ. ಟ್ರ್ಯಾಕ್ಟರಿನ ಕೀಲಿ ಸ್ವಿಚ್ ಕೆಟ್ಟು ಎಷ್ಟೋ ದಿನ ಆಗಿತ್ತು, ಸಿಂದಗಿಗೆ ಹೋದಾಗ ತಂದ್ರಾತು ತಂದ್ರಾತು ಅಂತ ಹಂಗ ಉಳದಿತ್ತು, ಅಲ್ಲೀತನಕ ಸ್ಕ್ರೂಡ್ರೈವರ್, ಹಳದಿ ಹಿಡಿಕಿ, ಹಿಡಿಕಿ ಸೀಳಿತ್ತಂತ ಅಣ್ಣ ಅದಕ್ಕ ನೀಲಿ ಟೇಪ್ ಸುತ್ತಿದ್ದ, ಅದನ್ನ ಹಿಡಕೊಂಡು ದೊಡ್ಡ ಗಾಲಿ ಮುಂದ ನೆಲದ ಮ್ಯಾಲ ನಿಂತು ಬಗ್ಗಿ ಸ್ಟಾರ್ಟರಿನ ಎರಡು ಬೋಲ್ಟಿಗೆ ಒಮ್ಮೆ ಮುಟ್ಟಿಸಿದ್ರ ಚಟ್ ಅಂತ ಕಿಡಿ, ಎಂಜಿನ್ ಚಾಲೂ. ನಮ್ಮ ಕನ್ನೊಳ್ಳ್ಯಾಗ ಅರ್ಧಾ ಊರು ಹಂಗ ಚಾಲೂ ಮಾಡತೈತಿ, ಯಾರಿಗೆ ಏನಾಗೇತಿ ಅಂತಾರ. ಹ್ಯಾಂಡ್ ಬ್ರೇಕ್ ಸವದಿರತೈತಿ, ಅದಕ್ಕ ಗೇರಿನಾಗ ಹಾಕಿ ಗಾಲಿಗೊಂದು ಕಲ್ಲು ಕೊಟ್ಟು ನಿಲ್ಲಸ್ತಾರ, ಚಾಲೂ ಮಾಡೂ ಮೊದಲ ಮ್ಯಾಲ ಹತ್ತಿ ಗೇರ್ ತಗದು ನ್ಯೂಟ್ರಲ್ ಮಾಡಿ ಇಳೀಬೇಕು, ಒಂದಿನ ಮರ್ತರ ಚಾಲೂ ಆದ ಕೂಡಲೆ ಗಾಲಿ ಮುಂದ ನಿಂತಾಂವನ ಮ್ಯಾಲ — ಇವ ಕೇಳಿದ್ದ ಒಮ್ಮೆ, ಅಲ್ಲಪಾ ಅಣ್ಣಾ, ಮ್ಯಾಲ ಅಷ್ಟು ಶಾಸ್ತ್ರ ಮಾಡಾಂವ ಇಲ್ಲಿ ನನ್ನಕಿಂತ ಗಡಿಬಿಡಿ ಮಾಡ್ತೀಯಲ್ಲ ಅಂತ. ಅಣ್ಣ ನಕ್ಕು, ಅಲ್ಲಿ ನನ್ನ ಯಾರು ಕಾಯಾಕತ್ತಿರ್ತಾರ, ಇಲ್ಲಿ ಕಬ್ಬಿನ ಗಾಡಿ ಸಾಲಿನಾಗ ನಿಂತಾವ ತಮ್ಮಾ ಅಂದ. ಇವನೂ ನಕ್ಕ, ನಗೂ ಮಾತ ಅನಿಸಿತ್ತು ಅದು.

ಅವತ್ತೂ, ಅಣ್ಣ ಹೋದ ದಿನಾನೂ, ಇವ ಇಲ್ಲೇ ಕುಂತಿದ್ದ, ಇದ ಕುರ್ಚಿ, ಕಿವಿಗೆ ಹೆಡ್‌ಫೋನ್, ಕಂಟ್ರೋಲ್ ಮತ್ತ ಇ, ವಿಮಾನ ಗುಡುಗುಡು ಎದ್ದಿತು, ಆ ಸಪ್ಪಳದ ನಡುವ ಇನ್ನೊಂದು ಎಂಜಿನ್ನಿನ ಸಪ್ಪಳ ಏರಿತು, ವಿಮಾನದ್ದ ಅನಕೊಂಡ, ಚಲೋ ಹೊಂಟೈತಿ ಅನಕೊಂಡು ಮುಗಲಿಗೆ ಏರಿದ, ಸಿಂದಗಿ ದಾಟಿ ಕನ್ನೊಳ್ಳಿ ಮ್ಯಾಲ ಬಂದ, ಮ್ಯಾಲಿಂದ ತಮ್ಮ ಮನಿ ಮುಂದಿನ ಬೇವಿನ ಗಿಡ ಹುಡುಕಿದ, ಸಿಕ್ಕಿತು, ಹಸರ ಚುಕ್ಕಿ, ಅದರ ಬಾಜೂಕ ಕಬ್ಬಿನ ಹೊಲ, ಯಾರೂ ಇಲ್ಲ ಅಲ್ಲಿ, ಆಟದಾಗ ಹೊಲದಾಗ ಮಂದಿ ಇರೂದಿಲ್ಲ. ಹೆಡ್‌ಫೋನ್ ತಗದಾಗ ಅವ್ವನ ದನಿ. ಚಪ್ಪಲಿ ಇಲ್ದ ಓಡಿದ್ದ, ಟ್ರ್ಯಾಕ್ಟರ್ ಮುಂದ ಹೋಗಿ ಕಬ್ಬಿನ ಸಾಲಿಗೆ ಹಾದು ನಿಂತಿತ್ತು, ಇನ್ನೂ ಗುಡುಗುಡು ಅಂತಿತ್ತು, ಹಿಂದ ಬೇವಿನ ಗಿಡದ ಬುಡಕ ಮಂದಿ, ಮಂದಿ ಕಾಲಾಗ ಅಣ್ಣ, ಅಣ್ಣನ ಕೈ, ಕೈಯಿಂದ ಮಾರುದ್ದ ಆಚೆ ಮಣ್ಣಾಗ ಅದು ಬಿದ್ದಿತ್ತು, ಹಳದಿ ಹಿಡಿಕಿ, ನೀಲಿ ಟೇಪು, ಒಂದೂ ಕಲೆ ಇರಲಿಲ್ಲ ಅದಕ್ಕ. ಎತ್ತಿ ಕಿಸೇದಾಗ ಹಾಕ್ಕೊಂಡ. ಯಾಕ ಹಾಕ್ಕೊಂಡೆ ಅಂತ ಇವತ್ತಿಗೂ ಗೊತ್ತಿಲ್ಲ. ಪೊಲೀಸರು ಪಂಚನಾಮಿ ಮಾಡೂವಾಗ ಕೇಳಿದ್ರು, ಎದರಲೆ ಚಾಲೂ ಮಾಡಿದ್ದ ಅಂತ, ಅಪ್ಪ ಮಾರಿ ಆಚೆ ತಿರವಿದ, ಇವ ಕಿಸೇದ ಮ್ಯಾಲ ಕೈ ಇಟಕೊಂಡು ನಿಂತ. ಅವತ್ತಿಂದ ಅದು ಈ ಮೇಜಿನ ಖಾನೇದಾಗ ಐತಿ, ಅದು ಇಲ್ಲಿ ಇರೂತನಕ ಯಾರೂ ಹಂಗ ಚಾಲೂ ಮಾಡೂದಿಲ್ಲ ಅಂತ ಇವಗೊಂದು ನಂಬಿಗಿ. ಊರಾಗ ಬ್ಯಾರೆ ಕಬ್ಬಿಣಾ ಇಲ್ಲೇನೋ ಅನ್ನಂಗ.

ಅವತ್ತಿಂದ ಇವ ಆ ಎರಡು ಕೀ ಮುಟ್ಟಿಲ್ಲ. ದಿನಾ ತಣ್ಣಗಿನ ವಿಮಾನ, ದಿನಾ ಬ್ರೇಕ್, ಎಣ್ಣಿ, ಬ್ಯಾಟರಿ, ಪಂಪು, ಅಣ್ಣನಂಗ ಬೆರಳು ಹಚ್ಚಿ ಬಾಯಿಲೆ ಅಂದು, ಆಮ್ಯಾಲ ಎಡಕ್ಕ ನೋಡಬೇಕು, ಬಲಕ್ಕ ನೋಡಬೇಕು, ಒದರಬೇಕು, ಅದೊಂದ ಆಗವಲ್ದು, ಯಾರಿಗೆ ಅನ್ನೂದು, ಸರೀಬೇಕಾದಾಂವ ಸರೀಲಿಲ್ಲ. ಮತ್ತ ಹಿಂದ ಹಿಂದ ಒಂದೊಂದ ಗುಂಡಿ ಬಂದ್ ಮಾಡಿ ಏಳ್ತಾನ. ಕಬ್ಬಿನ ಸುಗ್ಯಾಗ ನಿಂತ ಟ್ರ್ಯಾಕ್ಟರಿನ ಗತೀನೂ ಇದ, ಶಂಕ್ರೆಪ್ಪ ಡ್ರೈವರ್ ಅದನ್ನ ತಂದು ಅದ ಬೇವಿನ ಗಿಡದ ಬುಡಕ ನಿಲ್ಲಿಸಿ ಗೇರಿನಾಗ ಹಾಕಿ ಕಲ್ಲು ಕೊಟ್ಟು ಹೋದ, ಅಲ್ಲಿಂದ ಯಾರೂ ಮುಟ್ಟಿಲ್ಲ, ಈಗ ಹಿಂಗಾರಿ ಜ್ವಾಳ ಬಿತ್ತೂ ಹೊತ್ತು ಬಂತು. ಝಳಕಿ ಕಡೆಯಾಂವ ಒಬ್ಬ ಅದನ್ನ ಕೊಳ್ಳಾಕ ಕೇಳಾಕತ್ತಾನ, ಕೊಟ್ಟಬಿಡೂಣು ಅಂದ ಅಪ್ಪ. ವೈನಿ ತಾಟು ಇಟ್ಟು, ಅವರನ್ನಂತೂ ಕಳಕೊಂಡೇವಿ, ಅವರು ಮಾಡ್ತಿದ್ದ ಕೆಲಸಾನೂ ಮಾರಬೇಕೇನ್ರಿ ಮಾವಾರ ಅಂದ್ಲು, ಮರುದಿನ ಸಿಂದಗಿಯಿಂದ ಯಾಸೀನ ಮಿಸ್ತ್ರೀನ ಕರಿಸಿ ಹೊಸಾ ಸ್ವಿಚ್ ಹಾಕ್ಸಿದ್ಲು. ಯಾಸೀನ ಬ್ಯಾಟರಿ ಚಾರ್ಜ್ ಮಾಡಿ ಕೂಡಿಸಿ, ಕ್ಲಚ್ ಪೂರಾ ಒತ್ತಿದ್ರ ಅಷ್ಟ ಕೀಲಿ ಕೆಲಸ ಮಾಡತೈತ್ರಿ, ಇಲ್ಲಾಂದ್ರ ಟಕ್ ಅನ್ನತೈತಿ, ಜೀವಕ್ಕ ಚಲೋ ಅದು, ಅಂತ ಅಮಿತಗ ಹೇಳಿ ಹೋದ. ಅಮಿತ ಅದನ್ನ ವೈನಿಗೆ ಹೇಳಬೇಕಿತ್ತು. ಇವತ್ತ ಬಾಜೂಕ ನಿಂತು ಹೇಳಾವ ಇದ್ದನಲ್ಲ.

ಎಲ್ಲಾ ಆತು, ಇನ್ನ ಒದರೂದು, ಬಾಯಿ ತಗದ, ದೂರ — ದೂರ ಸರೀರಿ, ಅಂತು ದನಿ, ತನ್ನದಲ್ಲ, ಕೆಳಗಿಂದ ಬಂತು, ಹೆಂಗಸಿನ ದನಿ, ಆದರ ಎಳದದ್ದು ಹಂಗ ಹಂಗ ಅಣ್ಣ ಎಳದಂಗ, ಅವ್ವನ ಮೊರ ಅಲ್ಲೇ ನಿಂತಿತು. ಅಮಿತ ಕಿಡಕಿಗೆ ಹಾರಿದ. ಬೇವಿನ ಗಿಡದ ಬುಡಕ ವೈನಿ ಸೀಟಿನ ಮ್ಯಾಲ ಕುಂತಾಳ, ಸೆರಗು ನಡಕ್ಕ ಬಿಗದಾಳ, ಇವನ ದಾರಿ ನೋಡಿ ನೋಡಿ ತಾನ ಹತ್ಯಾಳ, ಆಕಿಗೆ ಗೊತ್ತಿದ್ದದ್ದು ಆ ಒದರೂದೊಂದ, ವರ್ಷಾನುಗಟ್ಟಲೆ ಒಲಿ ಮುಂದ ಕುಂತು ಕೇಳಿದ್ದು, ಎಡಕ್ಕ ನೋಡಿದ್ಲು, ಬಲಕ್ಕ ನೋಡಿದ್ಲು, ಕೀಲಿ ತಿರವಿದ್ಲು. ಟಕ್. ಇನ್ನೊಮ್ಮೆ, ಟಕ್. ಬೂಟು ದೊಡ್ಡದು, ಕಾಲು ಗಿಡ್ಡ, ಕ್ಲಚ್ ಅರ್ಧಾನೂ ಹೋಗಿಲ್ಲ, ಗೇರಿನ ಹಿಡಿಕಿ ಒಂದು ಕಡೆ ವಾಲಿದ್ದು ವಾಲಿದಂಗ ಐತಿ, ಕೈಜೋಡಸಾಕ ಬಂದ ಶಂಕ್ರೆಪ್ಪ ಗಾಲಿ ಬುಡಕಿನ ಕಲ್ಲು ಆಗಲೇ ತಗದು ಆಚೆ ಒಗದಾನ, ತಗದು ಅಲ್ಲೇ ಗಾಲಿ ಮುಂದ ನಿಂತಾನ, ಅಣ್ಣ ನಿಂತಲ್ಲೇ ನಿಂತಾನ. ಅಕ್ಕಾರ, ಸ್ವಿಚ್ ಏನ್ ಉಪಯೋಗಿಲ್ರಿ, ಒಂದು ಸ್ಕ್ರೂಡ್ರೈವರ್ ಕೊಡಸ್ರಿ, ಒಮ್ಮೆ ಮುಟ್ಟಿಸಿದ್ರ ಮುಗೀತು, ಅನ್ನಾಕತ್ತಾನ ಶಂಕ್ರೆಪ್ಪ. ಅಯ್ಯೋ ಬ್ಯಾಡೋ, ಗೇರಿನಾಗ ಐತೋ, ಅಂತ ಒದರಿದನೋ ಒದರಿದೆ ಅನಕೊಂಡನೋ, ಖಾನೆ ಯಾವಾಗ ತಗದ, ಮೆಟ್ಟಲಾ ಹೆಂಗ ಇಳದ, ಅವ್ವನ ಮೊರ ಕಾಲಿಗೆ ಹಾದು ತೊಗರಿ ಚೆಲ್ಲಿತು, ಓಡಿ ಗಿಡದ ಬುಡಕ ಬಂದು ಶಂಕ್ರೆಪ್ಪಗೂ ಎಂಜಿನ್ನಿಗೂ ನಡುವ ನಿಂತ, ಏದುಸಿರು, ಹೇಳು ಈಗ, ಎರಡ ಮಾತು, ನ್ಯೂಟ್ರಲ್ ಮಾಡ್ರಿ, ಕ್ಲಚ್ ಪೂರಾ ಒತ್ರಿ, ಒಂದೊಂದ ಹೇಳು, ಆಕಿ ಒಂದೊಂದ ಮಾಡ್ತಾಳ, ಅಷ್ಟ ಕೇಳಿದ್ದಾಕಿ, ಬಾಯಿ ತಗದಾನ, ಅಷ್ಟರಾಗ ಶಂಕ್ರೆಪ್ಪ ಹಾಂ ತಂದ್ರಿ ನೋಡ್ರಿ, ಕೊಡ್ರಿ ಇತ್ತ ಅಂತ ಕೈ ಚಾಚ್ಯಾನ. ಏನು ತಂದೆ ನಾ, ಏನೂ ತಂದಿಲ್ಲಲ್ಲ. ವೈನಿ ಶಂಕ್ರೆಪ್ಪನ ಕಡೆ ನೋಡವಲ್ಲಳು, ಇವನ ಮಾರಿ ಕಡೆ ನೋಡವಲ್ಲಳು, ಇವನ ಮುಷ್ಟಿ ನೋಡಾಕತ್ತಾಳ, ಕೀಲಿ ಮ್ಯಾಲಿನ ಆಕಿ ಕೈ ಸಾವಕಾಶ ಕೆಳಗ ಇಳೀತು.

ಅಮಿತಾ, ಅದು ನಿನ್ನ ಕಡೆ ಇತ್ತೇನಪಾ.

ನ್ಯೂಟ್ರಲ್ ಅನ್ನು, ಕ್ಲಚ್ ಅನ್ನು, ಏನರೆ ಅನ್ನು, ಶಂಕ್ರೆಪ್ಪನ ಕೈ ಚಾಚಿದ್ದು ಚಾಚಿದಂಗ ಐತಿ, ಮುಷ್ಟಿ ಬಿಚ್ಚವಲ್ದು, ಬಿಚ್ಚಿ ಒಗ್ಯಾಕೂ ಬರವಲ್ದು, ಬೆರಳ ಸಂದ್ಯಾಗಿಂದ ಹಳದಿ ಹಿಡಿಕಿ, ಹಿಡಿಕಿ ಮ್ಯಾಲ ಅಣ್ಣ ಸುತ್ತಿದ ನೀಲಿ ಟೇಪು, ತುದಿ ಬಿಚ್ಚಿಕೊಂಡೈತಿ, ಹಳದಿ ಹಿಡಿಕಿ, ನೀಲಿ ಟೇಪು, ಹಳದಿ ಹಿಡಿಕಿ