ಆರರಿಂದ ಏಳಕ್ಕೆ

"ಈಗ ನಾಲ್ಕು," ಎಂದ ಗಂಡ.

"ಸುಳ್ಳು ಹೇಳ್ಬೇಡಿ. ಇನ್ನೂ ಮೂರನೇ ಹಾಡೇ ನಡೀತಾ ಇದೆ."

"ಪ್ಲೇಯರ್ ಮೇಲೆ ನಾಲ್ಕು ಅಂತ ಕೆಂಪಗೆ ಉರೀತಿದೆ ಕಣೇ. ಆಪರೇಷನ್ ಆಗಿರೋದು ನಿನ್ನ ಕಣ್ಣಿಗೆ, ನನ್ನ ಕಣ್ಣಿಗಲ್ಲ."

ಟೈಲರಮ್ಮನ ಬಲಗಣ್ಣಿಗೆ ನಿನ್ನೆಯಷ್ಟೇ ಪಟ್ಟಿ ಬಿದ್ದಿತ್ತು, ಎಡಗಣ್ಣು ಮೊದಲೇ ಮಸುಕು. ಬಗ್ಗಬಾರದು, ಸೂಜಿ ಮುಟ್ಟಬಾರದು ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ಬೀದಿ ಬದಿಯ ಕೋಣೆಯಲ್ಲಿ ಮೂವತ್ತನಾಲ್ಕು ವರ್ಷ ಮಷೀನು ತುಳಿದವಳಿಗೆ ಒಂದೇ ಬೆಳಗ್ಗೆ ಒಂದು ತಿಂಗಳಷ್ಟು ಉದ್ದವಾಗಿತ್ತು. ಅವಳ ಗೊಣಗಾಟ ತಾಳಲಾರದೆ, ಬಸ್ ಓಡಿಸಿ ನಿವೃತ್ತನಾದ ಗಂಡ ಬೀರುವಿನಿಂದ ಒಂದು ಸಿ.ಡಿ. ಹುಡುಕಿ ತಂದು ಹಾಕಿದ್ದ. ಕೊಟ್ಟು ನಾಲ್ಕು ತಿಂಗಳಾಗಿದ್ದರೂ ಅದರ ಪ್ಲಾಸ್ಟಿಕ್ ಹೊದಿಕೆ ಹರಿದಿರಲಿಲ್ಲ.

ಕೊಟ್ಟವಳು ಗುಬ್ಬಿ, ತೀರಿಹೋದ ತಂಗಿಯ ಮಗಳು. ಆರು ವರ್ಷದವಳಿದ್ದಾಗಿನಿಂದ ಇದೇ ಮನೆಯಲ್ಲಿ ಬೆಳೆದಳು. ಅಂಗಡಿ ಅವಳಿಗೇ ಎಂದು ಟೈಲರಮ್ಮ ಎಂದೋ ನಿಶ್ಚಯಿಸಿದ್ದಳು. ಗುಬ್ಬಿ ಮಾತ್ರ ನೈಟ್ ಕ್ಲಬ್ಬೊಂದರಲ್ಲಿ ಹಾಡು ಹಾಕುವ ಡೀಜೆ ಕೆಲಸ ಹಿಡಿದಳು. "ಯಾರೋ ಹಾಡಿದ್ದನ್ನ ಹಾಕೋದೂ ಒಂದು ಕೆಲಸಾನಾ? ಊರವರು ಮಾಡಿದ ಅಡುಗೆ ಬಡಿಸಿ ನಂದೇ ಕೈರುಚಿ ಅಂದ ಹಾಗಾಯ್ತು," ಎಂದಿದ್ದಳು ಟೈಲರಮ್ಮ. ಗುಬ್ಬಿ ಎದುರು ಮಾತಾಡಲಿಲ್ಲ. ಮುಂದಿನ ವಾರವೇ ಬೇರೆ ಕೋಣೆ ಮಾಡಿಕೊಂಡಳು. ಆಮೇಲೊಂದು ದಿನ ಬಂದು, ಕ್ಲಬ್ಬಿನಲ್ಲಿ ತಾನು ಹಾಡಿಗೆ ಹಾಡು ಹೆಣೆದದ್ದು ಜನರೆದುರೇ ರೆಕಾರ್ಡ್ ಆದ ಈ ಸಿ.ಡಿ.ಯನ್ನು ಕತ್ತರಿಸುವ ಮೇಜಿನ ಮೇಲಿಟ್ಟು, "ಒಂದ್ಸಲ ಪೂರ್ತಿ ಕೇಳು ದೊಡ್ಡಮ್ಮ," ಎಂದಷ್ಟೇ ಹೇಳಿ ಹೋಗಿದ್ದಳು.

ಮೊದಲಿಗೆ ಗೋಡೆಯಾಚೆ ಯಾರೋ ಮೊಳೆ ಹೊಡೆಯುತ್ತಿದ್ದಾರೇನೋ ಅನ್ನಿಸಿತ್ತು. ನಿಲ್ಲಿಸಿ ಅನ್ನುವಷ್ಟರಲ್ಲಿ ಆ ಬಡಿತದ ಮೇಲೆ ಒಬ್ಬ ಮುದುಕಿಯ ನಡುಗುವ ದನಿ ಎದ್ದಿತು. ಅರ್ಥವಾಗದ ಭಾಷೆ, ದೂರದಲ್ಲಿರುವ ಯಾರನ್ನೋ ಕೂಗಿ ಕರೆದ ಹಾಗೆ. ನೋಡನೋಡುತ್ತ ಮುದುಕಿ ಇಲ್ಲ, ತುತ್ತೂರಿ ಇದೆ. ತುತ್ತೂರಿ ಹೋಗಿ ಯಂತ್ರದ ಹಕ್ಕಿಗಳಂಥ ಚಿಲಿಪಿಲಿ. ಯಾವಾಗ ಹೋಯಿತು, ಯಾವಾಗ ಬಂತು?

"ಹಿಂದಕ್ಕೆ ಹಾಕಿ," ಎಂದಳು. ಹಾಕಿದ. ಮತ್ತೆ ತಪ್ಪಿಹೋಯಿತು. ಕೋಟಿನ ಒಳಮೈಯಲ್ಲಿ ಬೆರಳಾಡಿಸಿ ತೋಳು ಎಲ್ಲಿ ಕೂಡಿಸಿದೆ, ಎಷ್ಟು ಸಲ ಬಿಚ್ಚಿ ಹೊಲಿದಿದ್ದಾರೆ ಎಂದು ಹೇಳಬಲ್ಲವಳು ಅವಳು. ಇಲ್ಲಿ ಒಂದು ಜೋಡಣೆಯೂ ಸಿಗಲಿಲ್ಲ.

ಆರನೆಯದು ಓಟದ ಹಾಡು. ಏಳನೆಯದು ಬಲು ನಿಧಾನ, ಒಂದೇ ತಂತಿಯನ್ನು ಎಳೆದೆಳೆದು ನುಡಿಸಿದಂಥದ್ದು. ಒರಟು ಕ್ಯಾನ್‌ವಾಸಿಗೆ ರೇಷ್ಮೆ ಕೂಡಿಸುವುದೆಂದರೆ ರೇಷ್ಮೆ ಸುಕ್ಕುಗಟ್ಟಲೇಬೇಕು ಎಂದು ಅವಳು ಕಿವಿಯಾನಿಸಿ ಕಾದಳು. ಬಡಿತ ಒಂದೊಂದಾಗಿ ಉದುರತೊಡಗಿತು. ಅದರ ಅಡಿಯಲ್ಲಿ ಒಂದು ತಗ್ಗು ಸ್ವರ ಬಹಳ ಹೊತ್ತಿನಿಂದ ಇತ್ತೆಂದು ಆಗ ತಿಳಿಯಿತು. ಥಟ್ಟನೆ ಎಲ್ಲವೂ ನಿಂತಿತು. ಒಂದು ಉಸಿರಿನಷ್ಟು ಮೌನ. ಆ ಮೌನದೊಳಗೆ ನೂರಾರು ಜನ ಒಟ್ಟಿಗೆ ಹೋ ಎಂದು ಕೂಗಿದರು. ಅದೇ ತಗ್ಗು ಸ್ವರ ಮೇಲೆದ್ದು ಏಳನೆಯ ಹಾಡಾಯಿತು.

ಟೈಲರಮ್ಮನ ತೋಳಿನ ಮೇಲೆ ರೋಮ ನಿಮಿರಿತು.

"ರೀ, ಯಾಕೆ ಕೂಗಿದ್ರು ಆ ಜನ?"

ಗಂಡ ಯೋಚಿಸಿ ಹೇಳಿದ: "ನಿನಗೆ ಈಗ ಏನಾಯ್ತೋ ಅವರಿಗೂ ಅದೇ ಆಗಿರ್ಬೇಕು."

ಕೊನೆಯ ಹಾಡು ಮುಗಿದ ಮೇಲೆ ಅವಳು ತನಗೇ ಹೇಳಿಕೊಂಡಂತೆ, "ಇಷ್ಟು ವರ್ಷ ಹೊಲಿದ ಬಟ್ಟೆ ನಾನೇನು ನೇಯ್ದಿದ್ನಾ?" ಎಂದಳು.

"ಏನು?"

"ಏನಿಲ್ಲ. ಗುಬ್ಬಿಗೆ ಫೋನ್ ಹಚ್ಚಿ ಕೊಡಿ."

ಗುಬ್ಬಿ ಗಾಬರಿಯಿಂದಲೇ ಎತ್ತಿದಳು. "ಕಣ್ಣು ನೋಯ್ತಿದ್ಯಾ ದೊಡ್ಡಮ್ಮ?"

"ಕಣ್ಣಿನ ಸುದ್ದಿ ಬಿಡು. ಆರರಿಂದ ಏಳಕ್ಕೆ ಹೇಗೆ ಹೋದೆ?"

"ಅದೊಂದಕ್ಕೇ ಹನ್ನೊಂದು ವಾರ ಹಿಡೀತು," ಎಂದಳು ಗುಬ್ಬಿ.

"ಏಳನೇದು ಆರರ ಒಳಗೇ ಇತ್ತಲ್ವಾ? ಅಡಿಯಲ್ಲಿ?"

"ನಿನಗೆ ಕೇಳಿಸ್ತಾ? ಅದು ಯಾರಿಗೂ ಕೇಳಿಸಲ್ಲ ದೊಡ್ಡಮ್ಮ. ಯಾರೂ ಕೇಳೇ ಇಲ್ಲ ನನ್ನ."

"ಅವತ್ತು ನಾನು ಆಡಿದ ಮಾತು ತಪ್ಪು."

"ಬಿಡು, ಅದೆಲ್ಲ ಯಾಕೀಗ."

"ಬಿಡಲ್ಲ. ಹೇಗೆ ಮಾಡ್ತೀಯ ಅಂತ ತೋರಿಸು ನನಗೆ."

ಐದನೇ ದಿನ ಬೆಳಗ್ಗೆ ಹನ್ನೊಂದಕ್ಕೆ ಗುಬ್ಬಿ ಅವಳ ಮೊಣಕೈ ಹಿಡಿದು ಕ್ಲಬ್ಬಿನೊಳಗೆ ನಡೆಸಿಕೊಂಡು ಹೋದಳು. ಕುರ್ಚಿಗಳೆಲ್ಲ ಮೇಜುಗಳ ಮೇಲೆ ತಲೆಕೆಳಗಾಗಿದ್ದವು. ಫಿನೈಲಿನ ವಾಸನೆ. ಒಬ್ಬ ಹೆಂಗಸು ನೆಲ ಒರೆಸುತ್ತಿದ್ದಳು. ವೇದಿಕೆ ಹತ್ತಿಸಿ, ಗುಬ್ಬಿ ದೊಡ್ಡಮ್ಮನ ತೋರುಬೆರಳನ್ನು ತನ್ನ ಯಂತ್ರದ ಮೇಲೆ ಹಿಂದೆ ಮುಂದೆ ಜಾರುವ ಒಂದು ಪುಟ್ಟ ಗುಂಡಿಯ ಮೇಲಿಟ್ಟಳು.

"ಇದು ಏಳನೇದು. ಮೆತ್ತಗೆ ಮುಂದಕ್ಕೆ ತಳ್ಳು. ಕೂದಲೆಳೆಯಷ್ಟು."

ಟೈಲರಮ್ಮ ಉಸಿರು ಹಿಡಿದು ತಳ್ಳಿದಳು. ನೆಲದಡಿಯಿಂದೆಂಬಂತೆ ಆ ಸ್ವರ ಅಂಗಾಲಿಗೆ ತಾಗಿ ಮೇಲೇರಿತು. ಕೆಳಗೆ ಬಕೆಟ್ಟಿನ ನೀರಿನಲ್ಲಿ ಸಣ್ಣ ಉಂಗುರಗಳೆದ್ದವು. ನೆಲ ಒರೆಸುತ್ತಿದ್ದ ಹೆಂಗಸು ಕೋಲಿಗೆ ಗಲ್ಲವೂರಿ ನಿಂತು ನೀರನ್ನೇ ನೋಡತೊಡಗಿದಳು.